ಕಾದಂಬರಿಯನ್ನು ಮಾತ್ರೆ ಮಾಡಬೇಡಿ

ಮಾನ್ಯ ಸಂಪಾದಕರೇ,

ಒಳ್ಳೆಯ ಕಥೆ, ಕಾದಂಬರಿ ಓದಿದರೆ ಬೇರೆಯವರ ಮನಸ್ಸು ಅರ್ಥವಾಗುತ್ತದೆ, ಒತ್ತಡ ಇಳಿಯುತ್ತದೆ, ಆಯಸ್ಸೂ ಹೆಚ್ಚುತ್ತದೆ ಎನ್ನುವ ಸುದ್ದಿಗಳು ಪತ್ರಿಕೆಗಳಲ್ಲಿ ಆಗಾಗ ಬರುತ್ತವೆ. ಓದುವ ಹುಚ್ಚಿರುವ ನನಗೆ ಇವು ಖುಷಿ ಕೊಡಬೇಕಿತ್ತು. ಆದರೆ ಇವು ಅರ್ಧ ಮಾತ್ರ ಹೇಳುತ್ತವೆ. ಉಳಿದರ್ಧ ಹೇಳದೆ ಬಿಟ್ಟರೆ ಕೆಲವರಿಗೆ ನೋವೂ ಆಗುತ್ತದೆ. ಅದಕ್ಕೇ ಈ ಪತ್ರ.

ಇಂಥ ಸುದ್ದಿಗಳಲ್ಲಿ ಜಾಸ್ತಿ ಕಾಣಿಸಿಕೊಳ್ಳುವುದು 2013ರ ಒಂದು ಅಧ್ಯಯನ. ನ್ಯೂಯಾರ್ಕಿನ ಡೇವಿಡ್ ಕಿಡ್ ಮತ್ತು ಇಮಾನುಯೆಲೆ ಕಸ್ಟಾನೊ ಅದನ್ನು ‘ಸೈನ್ಸ್’ ಎಂಬ ಸಂಶೋಧನಾ ಪತ್ರಿಕೆಯಲ್ಲಿ ಪ್ರಕಟಿಸಿದರು. ಕೆಲವರಿಗೆ ಗಂಭೀರ ಸಾಹಿತ್ಯದ ಕಥೆ, ಕೆಲವರಿಗೆ ಜನಪ್ರಿಯ ಕಥೆ, ಇನ್ನು ಕೆಲವರಿಗೆ ಕಥೆಯಲ್ಲದ ಬರಹ ಕೊಟ್ಟರು. ಓದಿದ ಮೇಲೆ ಪರೀಕ್ಷೆ. ಒಂದು ಫೋಟೊ, ಅದರಲ್ಲಿ ಬರೀ ಕಣ್ಣಿನ ಭಾಗ. ಮೂಗಿಲ್ಲ, ಬಾಯಿಲ್ಲ. ಜೊತೆಗೆ ನಾಲ್ಕು ಪದ. ಆ ನೋಟದಲ್ಲಿರುವುದು ಗಾಬರಿಯೋ, ಬೇಸರವೋ, ಅನುಮಾನವೋ ಎಂದು ಆರಿಸಬೇಕು. ಇಂಥ 36 ಫೋಟೊ. ಗಂಭೀರ ಸಾಹಿತ್ಯ ಓದಿದವರು ಇದರಲ್ಲಿ ಸ್ವಲ್ಪ ಮುಂದಿದ್ದರು.

ಈ ಸುದ್ದಿ ಎಲ್ಲ ಕಡೆ ಹಬ್ಬಿತು. ಆಮೇಲೆ ನಡೆದದ್ದು ಅಷ್ಟು ಹಬ್ಬಲಿಲ್ಲ. 2016ರಲ್ಲಿ ಬೇರೆ ಸಂಶೋಧಕರು ಇದನ್ನೇ ಮತ್ತೆ ಮಾಡಿದಾಗ ವ್ಯತ್ಯಾಸ ಕಾಣಲಿಲ್ಲ. 2018ರಲ್ಲಿ ‘ನೇಚರ್’ ಮತ್ತು ‘ಸೈನ್ಸ್’ನಲ್ಲಿ ಬಂದಿದ್ದ 21 ಸಮಾಜವಿಜ್ಞಾನ ಪ್ರಯೋಗಗಳನ್ನು ಇನ್ನೂ ಹೆಚ್ಚು ಜನರ ಮೇಲೆ ಮತ್ತೆ ಮಾಡಿ ನೋಡಿದರು. 13 ನಿಂತವು, 8 ಬಿದ್ದವು. ಬಿದ್ದವುಗಳಲ್ಲಿ ಇದೂ ಒಂದು. ಅದೇ ವರ್ಷ 14 ಅಧ್ಯಯನಗಳನ್ನು ಒಟ್ಟಿಗೆ ಲೆಕ್ಕ ಹಾಕಿದವರಿಗೆ ಕಥೆ ಓದುವುದರಿಂದ ಪರಿಣಾಮ ಇದೆ, ಆದರೆ ಸಣ್ಣದು ಎಂದು ಕಂಡಿತು. ನನ್ನ ಕೇಳಿದರೆ ಇದು ಸಹಜವೇ. ಒಂದು ಕಥೆ ಓದಿ ಏಳುವಷ್ಟರಲ್ಲಿ ಮನುಷ್ಯ ಬದಲಾಗಿರುತ್ತಾನೆ ಎಂದುಕೊಂಡದ್ದೇ ಅವಸರ.

ನನಗೆ ಜಾಸ್ತಿ ನಂಬಿಕೆ ಇರುವುದು 2006ರ ಒಂದು ಅಧ್ಯಯನದ ಮೇಲೆ. ಕೆನಡಾದ ರೇಮಂಡ್ ಮಾರ್, ಕೀತ್ ಓಟ್ಲಿ ಮತ್ತು ಸಂಗಡಿಗರು ಮಾಡಿದ್ದು. ಎಷ್ಟು ಓದುತ್ತೀರಿ ಎಂದು ಕೇಳಿದರೆ ಜನ ಇದ್ದದ್ದಕ್ಕಿಂತ ಜಾಸ್ತಿ ಹೇಳುತ್ತಾರೆ, ಅಲ್ವಾ? ಅದಕ್ಕೇ ಅವರು ಲೇಖಕರ ಹೆಸರುಗಳ ನಡುವೆ ಲೇಖಕರಲ್ಲದವರ ಹೆಸರು ಸೇರಿಸಿ ಪಟ್ಟಿ ಕೊಟ್ಟು, ಗೊತ್ತಿರುವ ಲೇಖಕರನ್ನು ಗುರುತಿಸಿ ಎಂದರು. ಕಥೆಗಾರರನ್ನು ಜಾಸ್ತಿ ಗುರುತಿಸಿದವರು ಕಣ್ಣಿನ ಫೋಟೊಗಳ ಪರೀಕ್ಷೆಯಲ್ಲೂ ಚೆನ್ನಾಗಿ ಮಾಡಿದ್ದರು. ಅದು ಬಹಳ ಕಾಲದ ಓದಿನ ಗುರುತು. ಓದಿನಿಂದ ಮನಸ್ಸು ಹೀಗಾಯಿತೋ, ಇಂಥ ಮನಸ್ಸಿದ್ದವರೇ ಕಥೆ ಹುಡುಕಿಕೊಂಡು ಹೋದರೋ ಎಂಬ ಪ್ರಶ್ನೆ ಮಾತ್ರ ಹಾಗೇ ಉಳಿದಿದೆ.

ಆದರೂ ಓದುವಾಗ ಒಳಗೆ ನಡೆಯುವುದು ಸಣ್ಣ ಕೆಲಸವಲ್ಲ. ಒಂದು ಕಥೆಯಲ್ಲಿ ಮಗ ಎಷ್ಟೋ ವರ್ಷದ ಮೇಲೆ ಮನೆಗೆ ಬರುತ್ತಾನೆ ಎಂದುಕೊಳ್ಳಿ. ತಾಯಿ ‘ಬಾಗಿಲು ಹಾಕು’ ಎಂದಷ್ಟೇ ಹೇಳಿ ಒಳಗೆ ಹೋಗುತ್ತಾಳೆ. ಕಥೆ ಮುಂದಕ್ಕೆ ಸಾಗುತ್ತದೆ. ಅವಳಿಗೆ ಕೋಪವಾ? ಅಳು ಬಂತಾ? ಇಷ್ಟು ದಿನ ಕಾದು ಸಾಕಾಯಿತಾ? ಹಿಂದೆ ಓದಿದ್ದನ್ನೆಲ್ಲ ನೆನೆದು ಒಂದು ತೀರ್ಮಾನಕ್ಕೆ ಬರುತ್ತೇವೆ. ಎಷ್ಟೋ ಪುಟ ದಾಟಿದ ಮೇಲೆ ಅವಳ ಒಂದು ಮಾತು ಆ ತೀರ್ಮಾನವನ್ನು ತಲೆಕೆಳಗು ಮಾಡುತ್ತದೆ. ಎದುರಿಗಿರುವ ಮನುಷ್ಯರನ್ನು ಹೀಗೆ ತಪ್ಪು ತಿಳಿದರೆ ಸಂಬಂಧವೇ ಕೆಡಬಹುದು. ಪುಸ್ತಕದಲ್ಲಿ ತಪ್ಪು ತಿಳಿದು, ನಾಚಿ, ತಿದ್ದಿಕೊಂಡು ಮುಂದೆ ಹೋಗಬಹುದು. ನಮಗೆ ಕಂಡರೆ ಆಗದವನ ಒಳಗೂ ಹೊಕ್ಕು, ಅವನಿಗೆ ಅವನದೇ ಕಾರಣಗಳಿವೆ ಎಂದು ನೋಡಬಹುದು. ಇದಕ್ಕೆಲ್ಲ ಅಂಕ ಹಾಕುವುದು ಕಷ್ಟ.

ಆಯಸ್ಸಿನ ಮಾತೂ ಹೀಗೇ. 2016ರಲ್ಲಿ ಯೇಲ್ ವಿಶ್ವವಿದ್ಯಾಲಯದವರು 50 ದಾಟಿದ 3,635 ಜನರ ಮಾಹಿತಿ ನೋಡಿದರು. ಪುಸ್ತಕ ಓದುವವರು ಓದದವರಿಗಿಂತ ಸುಮಾರು ಎರಡು ವರ್ಷ ಹೆಚ್ಚು ಬದುಕಿದ್ದರು. ಶಿಕ್ಷಣ, ಆಸ್ತಿ, ಆರೋಗ್ಯದ ವ್ಯತ್ಯಾಸ ಲೆಕ್ಕಕ್ಕೆ ಹಿಡಿದ ಮೇಲೂ ನಂಟು ಉಳಿದಿತ್ತು. ಆದರೆ ಅದು ಬರೀ ನಂಟು, ಕಾರಣ ಎಂದು ಸಾಬೀತಾಗಿಲ್ಲ. ಯಾವ ಬಗೆಯ ಪುಸ್ತಕ ಎಂದೂ ಅಲ್ಲಿ ಕೇಳಿರಲಿಲ್ಲ.

ನನ್ನನ್ನು ಜಾಸ್ತಿ ಕಾಡುವುದು ಇನ್ನೊಂದು. ನನ್ನ ತಂಗಿ ಖಿನ್ನತೆಯಲ್ಲಿದ್ದಾಗ ಬಂದವರೆಲ್ಲ ‘ಸುಮ್ನೆ ಒಂದು ಕಾದಂಬರಿ ಓದು, ಮನಸ್ಸು ಹಗುರ ಆಗುತ್ತೆ’ ಎಂದು ಹೇಳಿ ಹೋಗುತ್ತಿದ್ದರು. ಅವಳು ಒಂದೇ ಪುಟವನ್ನು ಮತ್ತೆ ಮತ್ತೆ ಓದುತ್ತಿದ್ದಳು. ‘ಏನು ಓದಿದೆ ಅಂತಲೇ ಗೊತ್ತಾಗ್ತಿಲ್ಲ ಅಕ್ಕ’ ಎಂದು ಪುಸ್ತಕ ಮುಚ್ಚುತ್ತಿದ್ದಳು. ಗಮನ ನಿಲ್ಲದಿರುವುದು ಆ ಕಾಯಿಲೆಯದೇ ಲಕ್ಷಣ. ಓದಲಾಗದೇ ಇದ್ದದ್ದನ್ನೂ ಅವಳು ತನ್ನ ತಪ್ಪು ಎಂದುಕೊಂಡಳು. ಅವಳು ಚೇತರಿಸಿಕೊಂಡದ್ದು ಚಿಕಿತ್ಸೆ ಶುರುವಾದ ಮೇಲೆ. ಪುಸ್ತಕ ಕೈಗೆ ಬಂದದ್ದು ಆಮೇಲೆ.

ಇಂಥ ಸುದ್ದಿ ಹಾಕುವಾಗ ಎಷ್ಟು ಜನರ ಮೇಲೆ ಮಾಡಿದ ಅಧ್ಯಯನ, ಬೇರೆಯವರು ಮಾಡಿದಾಗಲೂ ಅದೇ ಬಂತಾ ಎಂದು ಎರಡು ಸಾಲು ಸೇರಿಸಿ. ಮನಸ್ಸು ಕುಸಿದವರಿಗೆ ಓದು ಚಿಕಿತ್ಸೆಯ ಬದಲಿ ಅಲ್ಲ ಎಂದು ಸ್ಪಷ್ಟವಾಗಿ ಬರೆಯಿರಿ. ಜಾಗ ಇದ್ದರೆ, ಓದಿನ ಲಾಭಗಳ ಪಟ್ಟಿ ಬಿಟ್ಟು ಒಂದು ಕಥೆಯನ್ನೇ ಪೂರ್ತಿ ಹಾಕಿ.

ಇಂತಿ,
ನಿಮ್ಮ ಓದುಗರಲ್ಲಿ ಒಬ್ಬಳು