ಹುಡುಗಿಯರ ಮಾತು ನಡಾವಳಿ ಪುಸ್ತಕಕ್ಕೆ ಏರಲಿ

ಮಾನ್ಯರೇ,

ಜನವರಿ 24ರ ರಾಷ್ಟ್ರೀಯ ಹೆಣ್ಣುಮಕ್ಕಳ ದಿನ ಬಂದರೆ ಚಿಕ್ಕಬಳ್ಳಾಪುರ ಜಿಲ್ಲೆಯ ಪ್ರೌಢಶಾಲೆಗಳಲ್ಲಿ ಭಾಷಣ ಸ್ಪರ್ಧೆ ನಡೆಯುತ್ತದೆ. ಒಂಬತ್ತನೆಯದೋ ಹತ್ತನೆಯದೋ ಓದುವ ಹುಡುಗಿ ಮೈಕ್ ಮುಂದೆ ನಿಂತು ಓದು, ಸಮಾನ ಹಕ್ಕು, ಸಾವಿತ್ರಿಬಾಯಿ ಫುಲೆ, ಮಲಾಲಾ ಎಂದು ಮನಸ್ಸು ಬಿಚ್ಚಿ ಮಾತಾಡುತ್ತಾಳೆ. ಆ ವಯಸ್ಸಿನ ಕಾವು ಅದು, ಬಾಯಿಪಾಠವಲ್ಲ. ನಾವು ಚಪ್ಪಾಳೆ ತಟ್ಟಿ ಪ್ರಶಸ್ತಿ ಪತ್ರ ಕೊಟ್ಟು ಕಳಿಸುತ್ತೇವೆ. ಜೂನ್ ಹೊತ್ತಿಗೆ ಅವಳ ಪಕ್ಕದ ಬೆಂಚಿನವಳು ಪಿಯುಸಿಗೆ ಸೇರಿರುವುದಿಲ್ಲ. ಕೆಲವು ಸಲ ಭಾಷಣ ಮಾಡಿದವಳೇ ಸೇರಿರುವುದಿಲ್ಲ. ಅವಳ ಮಾತು ವೇದಿಕೆಯಲ್ಲೇ ಉಳಿಯಬಾರದು, ಗ್ರಾಮ ಪಂಚಾಯಿತಿಯ ನಡಾವಳಿ ಪುಸ್ತಕಕ್ಕೆ ಏರಬೇಕು ಎಂದು ಹೇಳುವುದಕ್ಕೇ ಈ ಪತ್ರ.

ಮಲಾಲಾ ಎಂದರೆ ನಮ್ಮ ಮಕ್ಕಳಿಗೆ ಗೊತ್ತಿರುವುದು 2012ರ ಅಕ್ಟೋಬರ್ 9ರ ಗುಂಡೇಟು, 2014ರಲ್ಲಿ 17ನೇ ವಯಸ್ಸಿಗೇ ಬಂದ ನೊಬೆಲ್. ಅದಕ್ಕೆ ಮೊದಲು ಅವಳು ಮಾಡಿದ ಕೆಲಸ ತೀರಾ ಸರಳವಾದದ್ದು. ಹೆಣ್ಣುಮಕ್ಕಳು 2009ರ ಜನವರಿ 15ರ ನಂತರ ಶಾಲೆಗೆ ಹೋಗಕೂಡದು ಎಂದು ಪಾಕಿಸ್ತಾನದ ಸ್ವಾತ್ ಕಣಿವೆಯಲ್ಲಿ ತಾಲಿಬಾನ್ ಅಪ್ಪಣೆ ಹೊರಡಿಸಿತ್ತು. ಆಗ 11 ವರ್ಷದ ಆ ಹುಡುಗಿ ಬಿಬಿಸಿ ಉರ್ದು ವಿಭಾಗಕ್ಕೆ ಗುಲ್ ಮಕಾಯ್ ಎಂಬ ಹೆಸರಿನಲ್ಲಿ ದಿನಚರಿ ಬರೆದಳು. ಮೊದಲ ಬರಹದಲ್ಲೇ ತರಗತಿಯ ಹಾಜರಿ ಇದೆ: 27 ಮಂದಿಯಲ್ಲಿ ಅವತ್ತು ಬಂದವರು 11. ಘೋಷಣೆ ಕೂಗುವ ಮೊದಲು ಅವಳು ತಲೆ ಎಣಿಸಿದ್ದಳು. ನಮ್ಮ ಹುಡುಗಿಯರಿಗೆ ಹೇಳಿಕೊಡಬೇಕಾದದ್ದು ಈ ಎಣಿಕೆಯನ್ನು.

ನಮ್ಮಲ್ಲಿ ಯಾರೂ ಬಂದೂಕು ಹಿಡಿದು ಶಾಲೆ ಮುಚ್ಚಿಸಿಲ್ಲ. ಇಲ್ಲಿ ಹಾಜರಿ ಒಂದೊಂದೇ ದಿನವಾಗಿ ಸೋರುತ್ತದೆ. ಶಿಡ್ಲಘಟ್ಟ, ಚಿಂತಾಮಣಿ ಕಡೆಯ ಹುಳು ಮನೆಗಳನ್ನೇ ನೋಡಿ. ರೇಷ್ಮೆ ಹುಳು ನಾಲ್ಕನೇ ಜ್ವರ (ಪೊರೆ ಬಿಡುವ ಹಂತ) ಎದ್ದ ಮೇಲಿನ ಏಳೆಂಟು ದಿನ ಮನೆಯವರಿಗೆ ನಿದ್ದೆ ಇರುವುದಿಲ್ಲ. ಇಡೀ ಬೆಳೆಗೆ ಬೇಕಾದ ಸೊಪ್ಪಿನಲ್ಲಿ ನೂರಕ್ಕೆ 80 ಭಾಗಕ್ಕೂ ಹೆಚ್ಚನ್ನು ಹುಳು ತಿನ್ನುವುದು ಆಗಲೇ. ದಿನಕ್ಕೆ ಮೂರು ನಾಲ್ಕು ಸಲ ಸೊಪ್ಪು ಹಾಕಬೇಕು, ಹಿಕ್ಕೆ ತೆಗೆಯಬೇಕು, ಹಣ್ಣಾದ ಹುಳುವನ್ನು ಹೊತ್ತು ಮೀರದಂತೆ ಆರಿಸಿ ಗೂಡು ಕಟ್ಟಲು ಚಂದ್ರಿಕೆಗೆ ಬಿಡಬೇಕು. ಆಗ ಮನೆಯಲ್ಲಿ ಉಳಿಯುವವಳು ಮಗಳು. ಮಗ ಟ್ಯೂಷನ್‌ಗೆ ಹೋಗುತ್ತಾನೆ. ಸಮಾನತೆ ತಪ್ಪುವುದು ಇಲ್ಲೇ.

ಲೆಕ್ಕ ಹಾಕಿ. ಶಾಲೆ ನಡೆಯುವ ತಿಂಗಳುಗಳಲ್ಲಿ ಐದು ಬೆಳೆ, ಬೆಳೆಗೆ ಏಳು ದಿನದಂತೆ 35 ದಿನ ಹೋಯಿತು. ಮುಟ್ಟಿನ ದಿನ ಶಾಲೆಯಲ್ಲಿ ಅನುಕೂಲವಿಲ್ಲವೆಂದು ತಿಂಗಳಿಗೆ ಎರಡು ದಿನ ತಪ್ಪಿಸಿದರೆ ಹತ್ತು ತಿಂಗಳಿಗೆ 20. ಒಟ್ಟು 55. ವರ್ಷಕ್ಕೆ 220 ದಿನ ಶಾಲೆ ನಡೆದರೆ ಎಸ್‌ಎಸ್‌ಎಲ್‌ಸಿ ಪರೀಕ್ಷೆಗೆ ಕೂರಲು ಬೇಕಾದ ಶೇ 75 ಹಾಜರಾತಿ ಎಂದರೆ 165 ದಿನ. ತಪ್ಪಿಸಬಹುದಾದದ್ದು ಸರಿಯಾಗಿ 55. ಆಮೇಲೆ ಒಂದು ಜ್ವರ, ಒಂದು ತಿಥಿ, ಒಂದು ಜಾತ್ರೆ ಬಂದರೆ ಅವಳು ಹಾಜರಾತಿ ಕೊರತೆಯ ಪಟ್ಟಿಯಲ್ಲಿರುತ್ತಾಳೆ. ಯಾರೂ ಅವಳನ್ನು ಶಾಲೆ ಬಿಡಿಸಿಲ್ಲ, ಆದರೂ ಓದು ನಿಂತಿತು.

ಇದಕ್ಕೆ ಅಪ್ಪನನ್ನು ಬೈದು ಫಲವಿಲ್ಲ, ಅವನಿಗೆ ಕೂಲಿಯಾಳು ಸಿಗುವುದಿಲ್ಲ. ಮನೆಯ ಕಸುಬಿಗೆ 14 ತುಂಬದ ಮಕ್ಕಳು ಕೈಜೋಡಿಸುವುದೇನಿದ್ದರೂ ಶಾಲೆಯ ಹೊತ್ತು ಮುಗಿದ ಮೇಲೆ ಮತ್ತು ರಜೆಯಲ್ಲಿ ಮಾತ್ರ ಎಂದು 2016ರಲ್ಲಿ ತಿದ್ದುಪಡಿಯಾದ ಬಾಲಕಾರ್ಮಿಕ ಕಾಯ್ದೆ ಹೇಳುತ್ತದೆ. ಅದನ್ನು ಹೇಳುವುದರ ಜತೆಗೆ ದಾರಿಯನ್ನೂ ತೋರಿಸಬೇಕು. ಚಾಕಿ ಹುಳು (ಎಳೆಯ ಹುಳು) ತಂದ ದಿನವೇ ನಾಲ್ಕನೇ ಜ್ವರ ಯಾವ ವಾರ ಏಳುತ್ತದೆಂದು ರೈತನಿಗೆ ಗೊತ್ತಿರುತ್ತದೆ. ಆ ದಿನಾಂಕವನ್ನು ಹುಡುಗಿ ತರಗತಿ ಶಿಕ್ಷಕರಿಗೆ ಮೊದಲೇ ತಿಳಿಸಲಿ. ಆ ವಾರ ಶಿಕ್ಷಕರು ಮನೆಗೆ ಒಂದು ಸಲ ಹೋಗಿ ಬಂದರೆ ಏಳು ದಿನದ ಗೈರು ಎರಡಕ್ಕೆ ಇಳಿಯುವುದುಂಟು. ಎಲೆ ಬಿಡಿಸಿ ಹಾಕುವ ಬದಲು ರೆಂಬೆ ಸಮೇತ ಸೊಪ್ಪು ಕೊಡುವ ಪದ್ಧತಿಗೂ ಚಂದ್ರಿಕೆಯ ಬದಲು ಬಳಸುವ ಪ್ಲಾಸ್ಟಿಕ್ ನೇತ್ರಿಕೆಗೂ ಕೈಕೆಲಸ ಕಡಿಮೆ. ರೇಷ್ಮೆ ಇಲಾಖೆಯ ಸಿಬ್ಬಂದಿ ಇವನ್ನು ವಿವರಿಸುವಾಗ ಮನೆಯಲ್ಲಿ ಓದುವ ಹೆಣ್ಣುಮಗಳಿದ್ದಾಳೆಯೇ ಎಂದು ಒಂದು ಮಾತು ಕೇಳಬೇಕು.

ಇನ್ನು ಮುಟ್ಟಿನ ಆ 20 ದಿನ. ಶೌಚಾಲಯ ಇದೆಯೇ ಎಂದು ಕೇಳಿದರೆ ಎಲ್ಲ ಶಾಲೆಯೂ ಇದೆ ಎನ್ನುತ್ತದೆ. ಕೇಳಬೇಕಾದದ್ದು ಬೇರೆ: ಒಳಚಿಲಕ ಇದೆಯೇ, ಟ್ಯಾಂಕಿನಲ್ಲಿ ಮಧ್ಯಾಹ್ನ ನೀರಿರುತ್ತದೆಯೇ, ಬೀಗದ ಕೈ ಯಾರ ಹತ್ತಿರ ಇದೆ? 40 ಮಕ್ಕಳಿಗೆ ಒಂದು ಶೌಚದ ಕೋಣೆ, ಮೂರು ಮೂತ್ರ ವಿಸರ್ಜನೆಯ ಜಾಗ ಎಂಬುದು ಕೇಂದ್ರದ ಸ್ವಚ್ಛ ವಿದ್ಯಾಲಯ ಯೋಜನೆಯ ಅಳತೆ. ಅಂದರೆ 120 ಹುಡುಗಿಯರಿಗೆ ಮೂರು ಕೋಣೆ ಬೇಕು. ಒಬ್ಬೊಬ್ಬರಿಗೆ ಒಂದು ಸಲಕ್ಕೆ 5 ಲೀಟರ್ ನೀರೆಂದರೂ 600 ಲೀಟರ್. ಮೇಲೆ 500 ಲೀಟರಿನ ಸಿಂಟೆಕ್ಸ್ ಒಂದೇ ಇದ್ದರೆ ಬೆಳಗಿನ ಇಂಟರ್‌ವಲ್ ಮುಗಿಯುವುದರೊಳಗೆ ಬರಿದು. ಎಷ್ಟೋ ಕಡೆ ತ್ರೀ ಫೇಸ್ ಕರೆಂಟು ಬರುವುದು ರಾತ್ರಿ, ಕೊಳವೆಬಾವಿಯ ನೀರು ಆಗ ಸಂಪಿಗೆ ಬೀಳುತ್ತದೆ. ಹಗಲು ಅದನ್ನು ಮೇಲಕ್ಕೆ ಎತ್ತಲು ಸಿಂಗಲ್ ಫೇಸಿನ ಸಣ್ಣ ಮೋಟಾರು ಇಲ್ಲದಿದ್ದರೆ ಸಂಪು ತುಂಬಿದ್ದೂ ಶೌಚಾಲಯ ಒಣಗಿರುತ್ತದೆ. ಕಟ್ಟಡಕ್ಕೆ ಲಕ್ಷಗಟ್ಟಲೆ ಸುರಿದು ಮೋಟಾರಿಗೆ ದುಡ್ಡಿಲ್ಲ ಎನ್ನುವುದನ್ನು ಒಪ್ಪಲಾಗದು.

ಚಿಲಕ ಕಿತ್ತುಹೋದ ಬಾಗಿಲಿಗೆ ಮೊಳೆಗೆ ಕಟ್ಟಿದ ದಾರ. ಒಳಗಿನವಳು ಒಂದು ಕೈಯಲ್ಲಿ ದಾರ ಎಳೆದು ಹಿಡಿದಿರುತ್ತಾಳೆ, ಹೊರಗೆ ಗೆಳತಿ ಬಾಗಿಲಿಗೆ ಬೆನ್ನು ಕೊಟ್ಟು ನಿಂತಿರುತ್ತಾಳೆ. ಹತ್ತು ನಿಮಿಷದ ಬಿಡುವಿನಲ್ಲಿ ಹೀಗೆ ಎಷ್ಟು ಜನಕ್ಕೆ ಸರದಿ ಸಿಕ್ಕೀತು? ಅದಕ್ಕೇ ಅವರು ಬೆಳಗಿನಿಂದ ನೀರು ಕುಡಿಯುವುದಿಲ್ಲ, ಉರಿಮೂತ್ರ ಬರಿಸಿಕೊಳ್ಳುತ್ತಾರೆ. ಶುಚಿ ಯೋಜನೆಯಲ್ಲಿ ತಿಂಗಳಿಗೆ 10 ಪ್ಯಾಡ್ ಕೊಟ್ಟರೂ ಬದಲಿಸಲು ಜಾಗವಿಲ್ಲದಿದ್ದರೆ ಅದು ಮನೆಯ ಪೆಟ್ಟಿಗೆಯಲ್ಲೇ ಇರುತ್ತದೆ. ಬಳಸಿದ್ದನ್ನು ಹಾಕಲು ಮುಚ್ಚಳದ ಬಕೆಟ್ ಇಲ್ಲದಿದ್ದರೆ ಗುಂಡಿಗೆ ಹಾಕುತ್ತಾರೆ, ಪೈಪು ಕಟ್ಟುತ್ತದೆ, ಶೌಚಾಲಯಕ್ಕೆ ಬೀಗ ಬೀಳುತ್ತದೆ, ತಪ್ಪು ಹುಡುಗಿಯರ ತಲೆಗೆ. ಒಂದು ಬಕೆಟ್, ಸುತ್ತಲು ಹಳೇ ಪೇಪರ್, ಪಂಚಾಯಿತಿಯ ಕಸದ ಗಾಡಿ ಸ್ವಚ್ಛ ವಾಹಿನಿಗೆ ಬೇರೆಯಾಗಿ ಕೊಡುವ ವ್ಯವಸ್ಥೆ, ಇಷ್ಟಿದ್ದರೆ ಸಾಕು.

ಹತ್ತನೆಯದು ಮುಗಿದ ಮೇಲೆ ಬರುವುದು ಬಸ್ಸಿನ ಮಾತು. ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಶಿಕ್ಷಣ ತಜ್ಞ ಎಚ್. ನರಸಿಂಹಯ್ಯನವರು ಓದಲೆಂದು ಬೆಂಗಳೂರಿಗೆ ನಡೆದೇ ಹೋದರೆಂದು ನಾವೆಲ್ಲ ಹೆಮ್ಮೆಯಿಂದ ಹೇಳುತ್ತೇವೆ. ಹಾಗೆ ನಡೆದವರೇ ಮುಂದೆ ಗೌರಿಬಿದನೂರು, ಬಾಗೇಪಲ್ಲಿಯಲ್ಲಿ ಕಾಲೇಜು ತೆರೆಯಲು ದುಡಿದರು, ಇನ್ನೊಬ್ಬರು ಅಷ್ಟು ದೂರ ನಡೆಯುವುದು ಬೇಡವೆಂದು. ಆದರೂ ಸಂಜೆ ನಾಲ್ಕೂವರೆಗೆ ಕಾಲೇಜು ಬಿಟ್ಟು ಏಳಕ್ಕೆ ಬಸ್ಸೆಂದರೆ ಯಾವ ತಾಯಿಯೂ ಮಗಳನ್ನು ಕಳಿಸುವುದಿಲ್ಲ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಟಿಕೆಟ್ ಉಚಿತವಾಯಿತು, ಅದು ನಿಜಕ್ಕೂ ದೊಡ್ಡ ಉಪಕಾರ. ಆದರೆ ಮೊದಲ ನಿಲ್ದಾಣದಲ್ಲೇ ತುಂಬಿದ ಬಸ್ಸು ಮೂರನೇ ಹಳ್ಳಿಯ ಗೇಟಿನಲ್ಲಿ ನಿಲ್ಲುವುದಿಲ್ಲ. ಎಂಟನೇ ತರಗತಿಗೆ ಕೊಡುತ್ತಿದ್ದ ಸೈಕಲ್ಲೂ ಕೋವಿಡ್ ಕಾಲದಿಂದ ನಿಂತಿತು. ಪಕ್ಕದ ತುಮಕೂರು ಜಿಲ್ಲೆಯಲ್ಲಿ 2022ರ ಮಾರ್ಚ್ 19ರಂದು ವೈ.ಎನ್. ಹೊಸಕೋಟೆಯಿಂದ ಪಾವಗಡಕ್ಕೆ ಹೊರಟಿದ್ದ ಖಾಸಗಿ ಬಸ್ಸು ಕಿಕ್ಕಿರಿದು ತುಂಬಿ ಪಳವಳ್ಳಿ ಬಳಿ ಮಗುಚಿ, ಕಾಲೇಜಿಗೆ ಹೊರಟ ಮಕ್ಕಳು ಜೀವ ಕಳೆದುಕೊಂಡರು. ಆ ದಿನವನ್ನು ಈ ಸೀಮೆಯ ಯಾರೂ ಮರೆಯಬಾರದು.

ಬಸ್ಸು ಬೇಕೆಂದು ಬರೆಯುವ ಅರ್ಜಿಗಳು ಬಿದ್ದುಹೋಗುವುದು ಅದರಲ್ಲಿ ಲೆಕ್ಕವಿಲ್ಲದ ಕಾರಣ. ಯಾವ ನಿಲ್ದಾಣದಲ್ಲಿ ಎಷ್ಟು ಹುಡುಗಿಯರು, ಕಾಲೇಜಿನ ಬೆಲ್ಲು ಎಷ್ಟಕ್ಕೆ, ಈಗಿನ ಬಸ್ಸು ಎಷ್ಟಕ್ಕೆ, ಎರಡು ವಾರದಲ್ಲಿ ಯಾವ ಯಾವ ದಿನ ನಿಲ್ಲಿಸದೆ ಹೋಯಿತು, ಇವನ್ನು ಒಂದು ಹಾಳೆಯಲ್ಲಿ ಬರೆದು ಪ್ರಾಂಶುಪಾಲರ ಸಹಿ, ಪಂಚಾಯಿತಿಯ ಠರಾವಿನ ನಕಲು ಸೇರಿಸಿ ಡಿಪೊ ವ್ಯವಸ್ಥಾಪಕರಿಗೆ ಕೊಡಿ, ಒಂದು ಪ್ರತಿ ವಿಭಾಗೀಯ ನಿಯಂತ್ರಣಾಧಿಕಾರಿಗೆ. ಹೊಸ ಬಸ್ಸೇ ಬೇಕೆಂದಿಲ್ಲ, ಇರುವ ಬಸ್ಸಿನ ವೇಳೆ ಅರ್ಧ ಗಂಟೆ ಸರಿದರೂ ಎಷ್ಟೋ ಹುಡುಗಿಯರ ಓದು ಉಳಿಯುತ್ತದೆ.

ಕಾಗದಪತ್ರದಲ್ಲಿ ಮುಗ್ಗರಿಸುವವರೂ ಬಹಳ. ಆಧಾರ್‌ನಲ್ಲಿ ಲಕ್ಷ್ಮೀದೇವಿ, ಶಾಲಾ ದಾಖಲೆಯಲ್ಲಿ ಲಕ್ಷ್ಮಿ ಎನ್. ಎಂದಿದ್ದರೆ ವಿದ್ಯಾರ್ಥಿವೇತನದ ಅರ್ಜಿ ರಾಜ್ಯದ ವಿದ್ಯಾರ್ಥಿವೇತನ ಜಾಲತಾಣವಾದ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ಮುಂದೆ ಹೋಗುವುದಿಲ್ಲ. ಇದನ್ನು ಒಂಬತ್ತನೇ ತರಗತಿಯಲ್ಲೇ ಸರಿಪಡಿಸಬೇಕು, ಅಂಕಪಟ್ಟಿ ಅಚ್ಚಾದ ಮೇಲೆ ಪರೀಕ್ಷಾ ಮಂಡಳಿಯವರೆಗೆ ಅಲೆಯಬೇಕಾಗುತ್ತದೆ. 15 ತುಂಬಿದ ಮೇಲೆ ಆಧಾರ್‌ನ ಬೆರಳಚ್ಚನ್ನು ಮತ್ತೆ ಕೊಡಲೇಬೇಕು, ಕೊಡದಿದ್ದರೆ ದೃಢೀಕರಣ ಆಗದು. ನಾಡಕಚೇರಿಯ ಆದಾಯ ಪ್ರಮಾಣಪತ್ರಕ್ಕೆ ಐದು ವರ್ಷದ ಆಯಸ್ಸು, ಐದನೇ ತರಗತಿಯಲ್ಲಿ ಮಾಡಿಸಿದ್ದು ಪಿಯುಸಿಗೆ ನಡೆಯುವುದಿಲ್ಲ. ಎರಡು ವರ್ಷ ವಹಿವಾಟಿಲ್ಲದ ಬ್ಯಾಂಕ್ ಖಾತೆ ನಿಷ್ಕ್ರಿಯವಾಗುತ್ತದೆ. ಎರಡು ಬ್ಯಾಂಕಿನಲ್ಲಿ ಖಾತೆ ಇದ್ದರೆ ಹಣ ಹೋಗುವುದು ಕೊನೆಯದಾಗಿ ಆಧಾರ್ ಜೋಡಿಸಿದ ಬ್ಯಾಂಕಿಗೆ. ದುಡ್ಡೇ ಬಂದಿಲ್ಲ ಎನ್ನುವವರು ಮೊದಲು ಅಲ್ಲಿ ನೋಡಬೇಕು. ಹಾಸ್ಟೆಲ್ ಅರ್ಜಿಗೂ ಇವೇ ದಾಖಲೆ ಬೇಕು. ಪಂಚಾಯಿತಿಯ ಅರಿವು ಕೇಂದ್ರದಲ್ಲಿ (ಗ್ರಂಥಾಲಯದಲ್ಲಿ) ಕಂಪ್ಯೂಟರ್ ಇದ್ದರೆ ಫಲಿತಾಂಶ ಬಂದ ವಾರವೇ ಅಲ್ಲಿ ಕೂರಿಸಿ ಎಲ್ಲರ ಅರ್ಜಿ ಹಾಕಿಸಬಹುದು. ನಪಾಸಾದವರಿಗೆ 2024ರಿಂದ ಅದೇ ವರ್ಷ ಎರಡನೇ ಪರೀಕ್ಷೆ ಇದೆ ಎಂಬುದು ಎಷ್ಟೋ ಮನೆಗಳಿಗೆ ಇನ್ನೂ ತಲುಪಿಲ್ಲ.

ಪರೀಕ್ಷೆ ಮುಗಿದು ಕಾಲೇಜು ತೆರೆಯುವವರೆಗಿನ ಎರಡು ತಿಂಗಳು ತುಂಬ ಅಪಾಯದ ಕಾಲ, ಮದುವೆ ಗೊತ್ತಾಗುವುದು ಆಗಲೇ. ಶಿಕ್ಷಣ ಹಕ್ಕು ಕಾಯ್ದೆಯ ಆಸರೆ 14ಕ್ಕೆ ಮುಗಿಯುತ್ತದೆ, ಮದುವೆಯ ವಯಸ್ಸು 18. ನಡುವಿನ ನಾಲ್ಕು ವರ್ಷ ಹುಡುಗಿಗೆ ಓದೇ ಕಾವಲು. ದೂರು ಬರುವುದು ಮಾತ್ರ ಚಪ್ಪರ ಹಾಕಿದ ಮೇಲೆ. ಅಧಿಕಾರಿಗಳು ಬಂದು ಮುಚ್ಚಳಿಕೆ ಬರೆಸಿಕೊಂಡು ಹೋಗುತ್ತಾರೆ, ವಾರದ ನಂತರ ಆಂಧ್ರದ ಗಡಿಯಾಚೆಯ ಯಾವುದೋ ದೇವಸ್ಥಾನದಲ್ಲಿ ತಾಳಿ ಬೀಳುತ್ತದೆ. ಮುಚ್ಚಳಿಕೆಯಷ್ಟೇ ಸಾಲದು. ಬಾಲ್ಯವಿವಾಹ ನಿಷೇಧ ಕಾಯ್ದೆ, 2006ರ 13ನೇ ಕಲಮಿನಡಿ ಮ್ಯಾಜಿಸ್ಟ್ರೇಟರಿಂದ ತಡೆಯಾಜ್ಞೆ ತರಬೇಕು. ಅದನ್ನು ಮೀರಿ ಆದ ಮದುವೆ ಮದುವೆಯೇ ಅಲ್ಲ ಎಂದು 14ನೇ ಕಲಮು ಹೇಳುತ್ತದೆ. ಕರ್ನಾಟಕವಂತೂ 2016ರ ತಿದ್ದುಪಡಿಯಲ್ಲಿ ಬಾಲ್ಯವಿವಾಹವನ್ನು ಮೊದಲಿನಿಂದಲೇ ಅಸಿಂಧು ಮಾಡಿದೆ. ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡುವುದಾದರೆ ಲಗ್ನಪತ್ರಿಕೆ ಅಚ್ಚಾಗುವ ಮೊದಲೇ ಮಾಡಿ.

ಇವೆಲ್ಲ ಒಂದೆಡೆ ಸೇರಬೇಕಾದ ಜಾಗ ಮಕ್ಕಳ ಗ್ರಾಮಸಭೆ. ಪ್ರತಿ ಪಂಚಾಯಿತಿಯೂ ವರ್ಷಕ್ಕೊಮ್ಮೆ, ನವೆಂಬರ್ ಹೊತ್ತಿನಲ್ಲಿ ಇದನ್ನು ನಡೆಸಬೇಕು. ನಡೆಸುವುದು ಹೇಗೆ? ಪಂಚಾಯಿತಿ ಕೇಂದ್ರದ ಒಂದು ಶಾಲೆಯಲ್ಲಿ ಶಾಮಿಯಾನ, ಪ್ರಾರ್ಥನೆ, ಹಾರ, ದೊಡ್ಡವರ ಭಾಷಣ, ಕೊನೆಗೆ ಹತ್ತು ನಿಮಿಷ ಮಕ್ಕಳಿಗೆ. ಉಳಿದ ಹಳ್ಳಿಗಳ ಹುಡುಗಿಯರು ಬಂದೇ ಇರುವುದಿಲ್ಲ. ಬಂದವಳು ಧೈರ್ಯ ಮಾಡಿ ಎದ್ದು ಕೇಳಿದರೆ ‘ನೋಡೋಣಮ್ಮ, ಮಾಡಿಸೋಣ’ ಎಂಬ ಉತ್ತರ. ಪುಸ್ತಕದಲ್ಲಿ ‘ಮಕ್ಕಳ ಸಮಸ್ಯೆಗಳನ್ನು ಚರ್ಚಿಸಲಾಯಿತು’ ಎಂಬ ಒಂದು ಸಾಲು.

ಹದಿನೈದು ದಿನ ಮೊದಲೇ ತಯಾರಿ ಬೇಕು. ಎಂಟರಿಂದ ಹನ್ನೆರಡನೇ ತರಗತಿಯ ಹುಡುಗಿಯರು ಹಳ್ಳಿವಾರು ಎಣಿಸಲಿ: ಕಳೆದ ವರ್ಷ ಹತ್ತನೆಯದು ಮುಗಿಸಿದವರು ಎಷ್ಟು, ಈಗ ಓದುತ್ತಿರುವವರು ಎಷ್ಟು, ಬಿಟ್ಟವರು ಯಾಕೆ ಬಿಟ್ಟರು. ಹೇಳಲು ನಾಚಿಕೆಯಾಗುವ ವಿಷಯಕ್ಕೆ ಶಾಲೆಯಲ್ಲಿ ಚೀಟಿ ಪೆಟ್ಟಿಗೆ ಇರಲಿ, ಅದನ್ನು ತೆರೆಯುವವರು ಶಿಕ್ಷಕಿಯೇ ಆಗಿರಲಿ. ಸಭೆಯಲ್ಲಿ ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ), ಅಧ್ಯಕ್ಷರು, ಮುಖ್ಯ ಶಿಕ್ಷಕರು, ಅಂಗನವಾಡಿ ಕಾರ್ಯಕರ್ತೆ, ಬೀಟ್ ಪೊಲೀಸ್ ಕೊನೆಯವರೆಗೂ ಕೂತಿರಬೇಕು. ಪುಸ್ತಕದಲ್ಲಿ ‘ಶೌಚಾಲಯ ಸರಿಪಡಿಸಬೇಕು’ ಎಂದು ಬರೆದರೆ ಅದು ಯಾರ ಕೆಲಸವೂ ಅಲ್ಲ. ‘ಹೆಣ್ಣುಮಕ್ಕಳ ಶೌಚಾಲಯದ ಮೂರು ಬಾಗಿಲಲ್ಲಿ ಎರಡಕ್ಕೆ ಒಳಚಿಲಕ ಇಲ್ಲ, 500 ಲೀಟರ್ ಟ್ಯಾಂಕಿನ ಬದಲು 1,000 ಲೀಟರಿನದು ಮತ್ತು ಮೋಟಾರು ಬೇಕು, ಬಳಸುವವರು 120, ಜವಾಬ್ದಾರಿ ಪಿಡಿಒ, ಗಡುವು ಡಿಸೆಂಬರ್ 31’ ಎಂದು ಬರೆದರೆ ಅದು ಕೆಲಸವಾಗುತ್ತದೆ. ಮುಂದಿನ ಸಾಮಾನ್ಯ ಸಭೆಯಲ್ಲಿ ಅದನ್ನು ಠರಾವು ಮಾಡಿ, ಹಣಕಾಸು ಆಯೋಗದ ಅನುದಾನದಲ್ಲಿ ನೀರು ಮತ್ತು ನೈರ್ಮಲ್ಯಕ್ಕೆಂದೇ ಮೀಸಲಾದ ಭಾಗದಿಂದ ಕ್ರಿಯಾಯೋಜನೆಗೆ ಸೇರಿಸಬೇಕು. ನಡಾವಳಿಯ ನಕಲನ್ನು ಶಾಲೆಯ ನೋಟಿಸ್ ಬೋರ್ಡಿಗೆ ಅಂಟಿಸಬೇಕು. ಮುಂದಿನ ವರ್ಷದ ಸಭೆ ಹಾರದಿಂದ ಶುರುವಾಗದೆ ಆ ನಕಲನ್ನು ಒಬ್ಬ ಹುಡುಗಿ ಗಟ್ಟಿಯಾಗಿ ಓದುವುದರಿಂದ ಶುರುವಾಗಲಿ.

ಜಿಲ್ಲಾ ಪಂಚಾಯಿತಿಯ ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿಗಳಲ್ಲಿ ನಮ್ಮ ಕೋರಿಕೆ ಇಷ್ಟು: ಈ ಸಲದ ಮಕ್ಕಳ ಗ್ರಾಮಸಭೆಗಳ ದಿನ, ಸ್ಥಳ, ಹೊತ್ತನ್ನು ಪಂಚಾಯಿತಿವಾರು ಅಕ್ಟೋಬರ್‌ನಲ್ಲೇ ಪ್ರಕಟಿಸಿ, ದೂರದ ಹಳ್ಳಿಯ ಹುಡುಗಿಯರನ್ನು ಕರೆತರಲು ವಾಹನ ಗೊತ್ತುಮಾಡಿ. ಆ ಪಟ್ಟಿಯನ್ನು ತಾವು ಪತ್ರಿಕೆಯ ಜಿಲ್ಲಾ ಪುಟದಲ್ಲಿ ಅಚ್ಚು ಮಾಡಿದರೆ ನಾವು ಕತ್ತರಿಸಿ ಪ್ರತಿ ಪ್ರೌಢಶಾಲೆಯ ಬೋರ್ಡಿಗೆ ಅಂಟಿಸುತ್ತೇವೆ.

ಇಂತಿ,
ನಿವೃತ್ತ ಶಿಕ್ಷಕಿಯರು ಮತ್ತು ಶಾಲಾಭಿವೃದ್ಧಿ ಸಮಿತಿ ಸದಸ್ಯರು,
ಶಿಡ್ಲಘಟ್ಟ ತಾಲ್ಲೂಕು, ಚಿಕ್ಕಬಳ್ಳಾಪುರ ಜಿಲ್ಲೆ