ಮಿಲಾನಿನಲ್ಲಿ ಎಲ್ಲಿ ಉಳಿಯೋದು ಅಂತ ಕೇಳಿದ್ದೆಯಲ್ಲ

ರಘು,

ನೀನು ಕಳಿಸಿದ ಹೋಟೆಲ್ ಪಟ್ಟಿ ನೋಡಿದೆ. ಎಲ್ಲವೂ ಡುವೋಮೋ ಚರ್ಚಿನ ಸುತ್ತಮುತ್ತಲಿನವೇ. ಒಂದರಲ್ಲಂತೂ ಕಿಟಕಿಯಿಂದ ಚರ್ಚಿನ ಶಿಖರ ಕಾಣುತ್ತದೆ ಅಂತ ಫೋಟೊ ಹಾಕಿ, ಆ ಕಿಟಕಿಗೇ ಅರ್ಧ ಬಾಡಿಗೆ ಕೇಳುತ್ತಿದ್ದಾರೆ. ಬೇಡ ಕಣೋ. ಮಿಲಾನಿನಲ್ಲಿ ಉಳಿಯುವುದಾದರೆ ಚೆಂತ್ರಾಲೆ ಅನ್ನೋ ಮುಖ್ಯ ರೈಲ್ವೆ ಸ್ಟೇಷನ್ ಹತ್ತಿರ ಉಳಿ. ಮೂರೋ ನಾಲ್ಕೋ ನಕ್ಷತ್ರದ, ಫೋಟೊದಲ್ಲಿ ಏನೂ ವಿಶೇಷ ಕಾಣದ, ಕಂದು ಪರದೆ ಹಾಕಿದ ಹೋಟೆಲ್ ಇರುತ್ತದಲ್ಲ, ಅಂಥದ್ದು. ನಾನು ಉಳಿದದ್ದು ಅಂಥದ್ದರಲ್ಲೇ. ಮತ್ತೆ ಹೋದರೂ ಅಂಥದ್ದನ್ನೇ ಹುಡುಕುತ್ತೇನೆ.

ಸ್ಟೇಷನ್ ಪಕ್ಕ ಅಂದ ಕೂಡಲೇ ನಿನ್ನ ತಲೆಗೆ ಮೆಜೆಸ್ಟಿಕ್ಕಿನ ಲಾಡ್ಜ್‌ಗಳು ಬಂದಿರಬೇಕು. ಹಾಗಲ್ಲ ಅದು. ಮಿಲಾನ್ ಅಂದರೆ ರೋಮ್ ಥರ, ಫ್ಲಾರೆನ್ಸ್ ಥರ ಬರೀ ಟೂರಿಸ್ಟ್ ಊರಲ್ಲ, ವ್ಯಾಪಾರದ ಊರು. ಏಪ್ರಿಲ್‌ನಲ್ಲಿ ಸಲೋನೆ ದೆಲ್ ಮೋಬಿಲೆ ಅನ್ನೋ ಪೀಠೋಪಕರಣಗಳ ದೊಡ್ಡ ಮೇಳ, ಫೆಬ್ರವರಿ ಮತ್ತು ಸೆಪ್ಟೆಂಬರ್‌ನಲ್ಲಿ ಫ್ಯಾಷನ್ ವೀಕ್, ಊರಾಚೆ ರೋ ಅನ್ನೋ ಕಡೆ ಇರುವ ಮೇಳದ ಮೈದಾನದಲ್ಲಿ ವರ್ಷವಿಡೀ ಏನಾದರೊಂದು. ಸ್ಟೇಷನ್ ಸುತ್ತಲಿನ ಹೋಟೆಲ್‌ಗಳು ಕಟ್ಟಿಕೊಂಡಿರುವುದು ಇವಕ್ಕೆಲ್ಲ ಬರುವವರಿಗಾಗಿ. ಬೆಳಿಗ್ಗೆ ತಿಂಡಿಗೆ ಇಳಿದರೆ ಸುತ್ತ ಕೊರಳಿಗೆ ಬ್ಯಾಡ್ಜ್ ನೇತುಹಾಕಿಕೊಂಡು, ಒಂದು ಕೈಯಲ್ಲಿ ಫೋನು ಒಂದು ಕೈಯಲ್ಲಿ ಕಾಫಿ ಹಿಡಿದು ನಿಂತೇ ತಿಂಡಿ ಮುಗಿಸುವವರು. ಅವರಿಗೆ ಬೇಕಾದದ್ದು ಒಳ್ಳೆ ಹಾಸಿಗೆ, ಬಿಸಿನೀರು, ವೈಫೈ, ಬೇಗ ಮುಗಿಯುವ ಚೆಕ್-ಇನ್. ಅದು ಸರಿಯಾಗಿ ಸಿಗುತ್ತದೆ. ನಗುಮುಖದ ಸ್ವಾಗತ, ಕೈಗೆ ಜ್ಯೂಸು, ಅದೆಲ್ಲ ಇಲ್ಲ. ನಿನಗೆ, ಸವಿತಾಗೆ, ಅಮ್ಮನಿಗೆ ಬೇಕಾದ್ದೂ ಅಷ್ಟೇ ಅಲ್ವಾ? ಇಡೀ ದಿನ ಹೊರಗೇ ಇರುತ್ತೀರಿ.

ಇದರಿಂದ ಇನ್ನೊಂದು ವಿಷಯ ಗೊತ್ತಾಗುತ್ತದೆ, ಇದು ದುಡ್ಡಿನ ವಿಷಯ, ಗಮನ ಇಟ್ಟು ಓದು. ಅಲ್ಲಿ ರೂಮಿನ ದರ ಏರೋದು ಇಳಿಯೋದು ನಮ್ಮ ರಜೆ ನೋಡಿ ಅಲ್ಲ, ಆ ವ್ಯಾಪಾರಿಗಳ ಕ್ಯಾಲೆಂಡರ್ ನೋಡಿ. ಪೀಠೋಪಕರಣ ಮೇಳದ ವಾರ ಅದೇ ರೂಮು, ಅದೇ ಪರದೆ, ಎರಡು ಮೂರು ಪಟ್ಟು ಬಾಡಿಗೆ. ನೀನು ಏಪ್ರಿಲ್ ಅನ್ನುತ್ತಿದ್ದೀಯ, ಹಾಗಾಗಿ ಟಿಕೆಟ್ ತೆಗೆಯುವ ಮುಂಚೆಯೇ ಮೇಳದ ತಾರೀಖು ನೋಡಿಬಿಡು, ಒಂದು ವಾರ ಆಚೀಚೆ ಮಾಡಿಕೊಂಡರೆ ಉಳಿಯುವ ದುಡ್ಡಿನಲ್ಲಿ ವೆನಿಸ್ ಮುಗಿಸಬಹುದು. ಆಗಸ್ಟ್‌ನಲ್ಲಿ ದರ ಕೆಳಗೆ ಬರುತ್ತದೆ, ಯಾಕೆಂದರೆ ಆಗಸ್ಟ್ 15ಕ್ಕೆ ಅಲ್ಲಿ ಬರುವ ಹಬ್ಬದ ಹಿಂದೆ ಮುಂದೆ ಊರಿನವರೇ ಊರು ಬಿಟ್ಟಿರುತ್ತಾರೆ, ಎಷ್ಟೋ ಅಂಗಡಿ, ಊಟದ ಹೋಟೆಲ್‌ಗಳ ಬಾಗಿಲು ಹಾಕಿರುತ್ತದೆ. ಆದರೆ ಆ ಸೆಕೆ, ಆ ಸೊಳ್ಳೆ. ಯೂರೋಪಿನಲ್ಲಿ ಸೊಳ್ಳೆ ಎಲ್ಲಿಂದ ಅಂತ ನಗಬೇಡ, ಮಿಲಾನ್ ಇರುವುದು ಪೋ ನದಿಯ ಬಯಲಿನಲ್ಲಿ, ಬೇಸಿಗೆ ಸಂಜೆ ಕಿಟಕಿ ತೆರೆದಿಟ್ಟರೆ ಗೊತ್ತಾಗುತ್ತದೆ.

ಬುಕ್ ಮಾಡುವಾಗ ಎರಡು ಮಾತು. 2025ರಿಂದ ಇಟಲಿಯ ಪ್ರತಿ ಹೋಟೆಲ್, ಬಾಡಿಗೆ ಮನೆ ತನ್ನ ಜಾಹೀರಾತಿನಲ್ಲಿ ಸಿ.ಐ.ಎನ್. ಅನ್ನೋ ಸರ್ಕಾರಿ ನಂಬರ್ ತೋರಿಸಬೇಕು. ಅದಿಲ್ಲದ ಜಾಗದ ಗೋಜಿಗೆ ಹೋಗಬೇಡ. ಇನ್ನು ವೀಸಾಗೆ ಹೋಟೆಲ್ ಕಾಗದ ಕೇಳುತ್ತಾರಲ್ಲ, ಅದಕ್ಕೆ ಏಜೆಂಟ್ ಕೈಲಿ ಡಮ್ಮಿ ಬುಕಿಂಗ್ ಮಾಡಿಸಬೇಡ, ಫ್ರೀ ಕ್ಯಾನ್ಸಲೇಶನ್ ಇರುವ ನಿಜವಾದ ರೂಮನ್ನೇ ಮೂವರ ಹೆಸರಲ್ಲೂ ತೆಗೆದುಕೋ. ಇನ್ಶೂರೆನ್ಸ್ ಕನಿಷ್ಠ 30,000 ಯೂರೋದ್ದು ಇರಬೇಕು, ಅದು ನಿನಗೆ ಗೊತ್ತೇ ಇದೆ. ಮೂವರಿಗೆ ಒಂದೇ ರೂಮು ಅಂದರೆ ಮೂರನೇ ಹಾಸಿಗೆ ಎಷ್ಟೋ ಕಡೆ ಮಡಚುವ ಮಂಚ. ಅಮ್ಮನನ್ನು ಅದರ ಮೇಲೆ ಮಲಗಿಸಲು ಆಗುವುದಿಲ್ಲ, ನೀನೇ ಮಲಗಬೇಕು. ಅದರ ಬದಲು ಪಕ್ಕಪಕ್ಕದ ಎರಡು ರೂಮು ಸಿಗುತ್ತದಾ ಅಂತ ಮೊದಲೇ ಮೇಲ್ ಹಾಕಿ ಕೇಳು.

ಇಳಿಯುವುದು ಮಾಲ್ಪೆನ್ಸಾ ವಿಮಾನ ನಿಲ್ದಾಣದಲ್ಲಿ. ಅದು ಊರಿಂದ ಸುಮಾರು 50 ಕಿಲೋಮೀಟರ್ ದೂರ, ಟ್ಯಾಕ್ಸಿಗೆ ನೂರು ಯೂರೋ ಮೇಲೆ. ಟ್ರೇನ್ ಹತ್ತು. ಮಾಲ್ಪೆನ್ಸಾ ಎಕ್ಸ್‌ಪ್ರೆಸ್ ಎರಡು ಕಡೆಗೆ ಹೋಗುತ್ತದೆ, ಕೆಲವು ಕದೋರ್ನಾ ಅನ್ನೋ ಇನ್ನೊಂದು ಸ್ಟೇಷನ್‌ಗೆ, ಕೆಲವು ಚೆಂತ್ರಾಲೆಗೆ, ಬೋರ್ಡ್ ನೋಡಿ ಚೆಂತ್ರಾಲೆಯದ್ದನ್ನೇ ಹಿಡಿ. ಸ್ಟೇಷನ್ ಬಾಗಿಲಿಂದ ಹೋಟೆಲ್‌ಗೆ ಐದಾರು ನಿಮಿಷ ಸೂಟ್‌ಕೇಸ್ ಎಳೆದರೆ ಮುಗಿಯಿತು. ಹೊಸ ಊರಿಗೆ ರಾತ್ರಿ ಹೊತ್ತು ಇಳಿಯುವವರಿಗೆ ಇದಕ್ಕಿಂತ ದೊಡ್ಡ ಸುಖ ಇಲ್ಲ.

ಸ್ಟೇಷನ್ ಕಟ್ಟಡವನ್ನು ಮಾತ್ರ ನಿಂತು ನೋಡು. ಉಲಿಸ್ಸೆ ಸ್ತಾಕ್ಕೀನಿ ಅನ್ನುವವರ ವಿನ್ಯಾಸ, ತೆರೆದದ್ದು 1931ರ ಜುಲೈ 1ಕ್ಕೆ, ಸರ್ವಾಧಿಕಾರಿ ಮುಸೊಲಿನಿ ಕಾಲ. ಯಾರನ್ನೋ ಹೆದರಿಸಲೆಂದೇ ಕಟ್ಟಿದ ಹಾಗಿದೆ, ಅಷ್ಟು ಎತ್ತರದ ಗೋಡೆ, ಅಷ್ಟು ಕಲ್ಲು. ಅದರ ಎದುರು ಚೌಕದಾಚೆ ಜೋ ಪೊಂತಿ ವಿನ್ಯಾಸ ಮಾಡಿದ ತೆಳ್ಳನೆಯ ಪಿರೆಲ್ಲಿ ಗೋಪುರ, 127 ಮೀಟರ್. ನನಗೆ ಡುವೋಮೋಗಿಂತ ಇವೆರಡು ಎದುರುಬದುರು ನಿಂತಿರುವುದೇ ಇಷ್ಟವಾಯಿತು, ನೀನು ನಗಬಹುದು. ಅದೇ ಸ್ಟೇಷನ್ ಅಡಿಯಲ್ಲಿ ಒಂದು ಸ್ಮಾರಕ ಇದೆ. 1943ರಿಂದ 45ರವರೆಗೆ ಯಹೂದಿಗಳನ್ನು ಅಲ್ಲಿ ಕೆಳಗೆ, ಊರಿನ ಕಣ್ಣಿಗೆ ಬೀಳದ ಹಾಗೆ ಗೂಡ್ಸ್ ಬೋಗಿಗಳಿಗೆ ತುಂಬಿ, ಬೋಗಿಗಳನ್ನೇ ಲಿಫ್ಟ್‌ನಲ್ಲಿ ಮೇಲಿನ ಹಳಿಗೆ ಎತ್ತಿ ಆಶ್ವಿಟ್ಸ್ ಅನ್ನೋ ನಾಜಿಗಳ ಸಾವಿನ ಶಿಬಿರದ ಕಡೆಗೆ ಕಳಿಸುತ್ತಿದ್ದರು. ಮೇಲೆ ಜನ ಸಾಮಾನ್ಯ ಟ್ರೇನ್ ಹತ್ತುತ್ತಿದ್ದರು. ಒಂದು ಬೆಳಿಗ್ಗೆ ಅದಕ್ಕೆ ಇಟ್ಟುಕೋ, ಹೋಟೆಲ್‌ನಿಂದ ನಡೆದೇ ಹೋಗಬಹುದು.

ಸ್ಟೇಷನ್ ಎದುರಿನ ಚೌಕದಲ್ಲಿ ಸುಮ್ನೆ ಕೂತಿರುವ ಜನ ಜಾಸ್ತಿ, ರಾತ್ರಿ ನೋಡಿದರೆ ಸ್ವಲ್ಪ ಮುಜುಗರ ಆಗುತ್ತದೆ. ಜೇಬುಗಳ್ಳರ ಕಾಟ ಇದೆ, ಹುಷಾರಾಗಿರು. ಟಿಕೆಟ್ ಮಷೀನ್ ಹತ್ತಿರ ಸಹಾಯ ಮಾಡಲು ತಾವಾಗಿಯೇ ಬರುವವರಿಗೆ ಬೇಡ ಅನ್ನು. ಹೋಟೆಲನ್ನು ಚೌಕದ ಮೇಲೇ ತೆಗೆದುಕೊಳ್ಳುವುದಕ್ಕಿಂತ ಸ್ವಲ್ಪ ಪೂರ್ವಕ್ಕೆ, ವಿಯಾ ವಿತ್ರುವಿಯೊ ಕಡೆಗೆ ತೆಗೆದುಕೋ. ಆ ರಸ್ತೆ ಕೊರ್ಸೊ ಬುಯೆನೋಸ್ ಐರೆಸ್ ಅನ್ನೋ ದೊಡ್ಡ ಅಂಗಡಿ ಬೀದಿಗೆ ಸೇರುತ್ತದೆ, ಸಂಜೆಯೆಲ್ಲ ಜನ ಇರುತ್ತಾರೆ.

ಹೋಟೆಲ್ ಒಳಗೆ ಬಂದ ತಕ್ಷಣ ಪಾಸ್‌ಪೋರ್ಟ್ ಕೇಳುತ್ತಾರೆ, ಮೂವರದ್ದೂ. ಸ್ಕ್ಯಾನ್ ಮಾಡಿ ಕೊಡುತ್ತಾರೆ, ಕೆಲವರು ಸ್ವಲ್ಪ ಹೊತ್ತು ಇಟ್ಟುಕೊಳ್ಳುತ್ತಾರೆ, ಗಾಬರಿ ಬೇಡ. ಉಳಿಯಲು ಬಂದ ಪ್ರತಿಯೊಬ್ಬರ ವಿವರವನ್ನೂ 24 ಗಂಟೆಯೊಳಗೆ ಪೊಲೀಸರಿಗೆ ಕಳಿಸಬೇಕು ಅಂತ ಅಲ್ಲಿ ಕಾನೂನು. ನಮ್ಮಲ್ಲಿ ಹೋಟೆಲ್‌ಗಳು ವಿದೇಶಿಯರಿಗೆ ಒಂದು ಫಾರ್ಮ್ ತುಂಬಿಸುತ್ತಾರಲ್ಲ, ಅಲ್ಲಿ ಇಟಲಿಯವರಿಗೂ ಅದೇ. ಆ ಕಾನೂನು 1931ರ ಜೂನ್ ತಿಂಗಳದ್ದು, ಅಂದರೆ ಸ್ಟೇಷನ್ ತೆರೆಯುವ ಎರಡು ವಾರ ಮುಂಚಿನದು. ಮುಸೊಲಿನಿ ಹೋಗಿ ಇಷ್ಟು ಕಾಲ ಆಯಿತು, ಅವನ ಸ್ಟೇಷನ್ನಿನಲ್ಲಿ ಇಳಿದು ಅವನ ಕಾಲದ ಕಾನೂನಿನ ಪ್ರಕಾರ ರೂಮು ಹಿಡಿಯುತ್ತೇವೆ. ಜೊತೆಗೆ ಊರಿನ ತೆರಿಗೆ ಅಂತ ಒಬ್ಬರಿಗೆ ಒಂದು ರಾತ್ರಿಗೆ ಇಷ್ಟು ಯೂರೋ ಅಂತ ಬೇರೆ ಕಟ್ಟಬೇಕು, ನಕ್ಷತ್ರ ಹೆಚ್ಚಿದ ಹಾಗೆ ಅದೂ ಹೆಚ್ಚು. ಆನ್‌ಲೈನ್‌ನಲ್ಲಿ ಕಟ್ಟಿದ ಬಾಡಿಗೆಯಲ್ಲಿ ಸಾಮಾನ್ಯವಾಗಿ ಇದು ಸೇರಿರುವುದಿಲ್ಲ. ಮೋಸ ಅಂತ ಜಗಳ ಆಡಬೇಡ, ರಸೀದಿ ಕೊಡುತ್ತಾರೆ.

ಇನ್ನು ರೂಮು. ಚಿಕ್ಕದೇ ಇರುತ್ತದೆ, ಎರಡು ದೊಡ್ಡ ಸೂಟ್‌ಕೇಸ್ ಒಟ್ಟಿಗೆ ತೆರೆಯಲು ಜಾಗ ಇಲ್ಲ. ಲಿಫ್ಟ್ ಇನ್ನೂ ಚಿಕ್ಕದು, ಇಬ್ಬರು ಮತ್ತು ಒಂದು ಸೂಟ್‌ಕೇಸ್. ಹಳೇ ಕಟ್ಟಡವಾದರೆ ಲಿಫ್ಟ್‌ಗೆ ಮುಂಚೆ ನಾಲ್ಕು ಮೆಟ್ಟಿಲು ಬೇರೆ, ಅಮ್ಮನ ಮಂಡಿ ನೋವಿಗೆ ಅದನ್ನೂ ಕೇಳಿಕೊಂಡಿರು. ಕಿಟಕಿ ಹೊರಗೆ ತಪ್ಪರೆಲ್ಲಾ ಅಂತ ಒಂದು ಸುರುಳಿ ಷಟರ್ ಇರುತ್ತದೆ, ಪಕ್ಕದ ಪಟ್ಟಿ ಎಳೆದರೆ ಮೇಲೆ ಕೆಳಗೆ ಹೋಗುತ್ತದೆ, ಕೆಲವು ಕಡೆ ಸ್ವಿಚ್ಚು. ಅದನ್ನು ಪೂರ್ತಿ ಇಳಿಸಿದರೆ ಹಗಲು ಹನ್ನೆರಡಕ್ಕೂ ಕಗ್ಗತ್ತಲೆ. ವಿಮಾನದ ಸುಸ್ತಿಗೆ ಇದರಷ್ಟು ಒಳ್ಳೆ ಔಷಧಿ ಇಲ್ಲ, ನಮ್ಮ ಮನೆಗಳಿಗೂ ಯಾಕೆ ಹಾಕಿಸಬಾರದು ಅಂತ ನನಗೆ ಅನಿಸಿಬಿಟ್ಟಿದೆ. ಎ.ಸಿ. ವಿಷಯಕ್ಕೆ ಮಾತ್ರ ಜಾಸ್ತಿ ಆಸೆ ಇಟ್ಟುಕೋಬೇಡ. ಇಡೀ ಕಟ್ಟಡಕ್ಕೆ ಒಂದೇ ವ್ಯವಸ್ಥೆ ಇದ್ದರೆ ಏಪ್ರಿಲ್ ಹೊತ್ತಿಗೆ ಅದಿನ್ನೂ ಬಿಸಿಗಾಳಿಯಲ್ಲೇ ಇರುತ್ತದೆ, ನೀನು ರಿಮೋಟ್‌ನಲ್ಲಿ 18 ಒತ್ತಿದರೂ ಅದು ಕೇಳುವುದಿಲ್ಲ. ನಾನು ಕೆಳಗೆ ಹೋಗಿ ಹೇಳಿದ್ದಕ್ಕೆ ಕಿಟಕಿ ತೆಗೆಯಿರಿ ಅಂದರು. ಸರಿಯಾದ ಉತ್ತರವೇ, ಆದರೆ ರಸ್ತೆಯಲ್ಲಿ ಟ್ರಾಮ್ ಓಡುತ್ತಿತ್ತು. ಅದಕ್ಕೇ ಹೇಳುವುದು, ರಸ್ತೆ ಕಡೆ ರೂಮು ಬೇಡ, ಒಳಗಿನ ಅಂಗಳದ ಕಡೆ ಕೊಡಿ ಅಂತ ಬುಕ್ ಮಾಡುವಾಗಲೇ ಬರೆ.

ಬಚ್ಚಲು ಮನೆ ಅಮ್ಮನಿಗೆ ಇಷ್ಟವಾಗುತ್ತದೆ. ಯೂರೋಪಿನಲ್ಲೆಲ್ಲ ಬರೀ ಟಿಶ್ಯೂ ಪೇಪರ್ ಅಂತ ಅವರು ಹೆದರಿದ್ದಾರೆ ಅಂದೆಯಲ್ಲ, ಇಟಲಿಯಲ್ಲಿ ಆ ಭಯ ಇಲ್ಲ. ಕಮೋಡ್ ಪಕ್ಕದಲ್ಲೇ ಬಿಡೇ ಇರುತ್ತದೆ, ತೊಳೆದುಕೊಳ್ಳಲು ತಗ್ಗಿನ ಸಿಂಕ್, ಬಿಸಿನೀರು ತಣ್ಣೀರು ಎರಡೂ ಬರುತ್ತದೆ. ಪ್ರತಿ ಮನೆಯಲ್ಲಿ ಕನಿಷ್ಠ ಒಂದು ಬಚ್ಚಲಲ್ಲಿ ಬಿಡೇ ಇರಲೇಬೇಕು ಅಂತ 1975ರಿಂದ ಸರ್ಕಾರದ ನಿಯಮವೇ ಇದೆ, ಹೋಟೆಲ್‌ಗಳಲ್ಲೂ ಹೆಚ್ಚು ಕಡಿಮೆ ಎಲ್ಲ ಕಡೆ ಇಟ್ಟಿರುತ್ತಾರೆ. ಹೊಸದಾಗಿ ರಿಪೇರಿ ಮಾಡಿಸಿದ ಚಿಕ್ಕ ರೂಮುಗಳಲ್ಲಿ ಮಾತ್ರ ಕೆಲವೊಮ್ಮೆ ಕಿತ್ತುಹಾಕಿರುತ್ತಾರೆ, ಫೋಟೊ ನೋಡಿಕೋ. ಹಾಂ, ಶವರ್ ಪಕ್ಕ ಒಂದು ದಾರ ನೇತಾಡುತ್ತಿರುತ್ತದೆ. ಗೀಸರ್ ಸ್ವಿಚ್ ಅಂತ ಅಮ್ಮ ಅದನ್ನು ಎಳೆಯದ ಹಾಗೆ ಮೊದಲೇ ಹೇಳಿಡು. ಯಾರಾದರೂ ಜಾರಿ ಬಿದ್ದರೆ ಸಹಾಯಕ್ಕೆ ಕರೆಯುವ ದಾರ ಅದು, ಎಳೆದರೆ ರಿಸೆಪ್ಷನ್‌ನಲ್ಲಿ ಗಂಟೆ ಹೊಡೆಯುತ್ತದೆ.

ಕರೆಂಟು ನಮ್ಮದೇ ಥರ 230 ವೋಲ್ಟ್, ಆದರೆ ಸಾಕೆಟ್‌ನಲ್ಲಿ ಮೂರು ತೂತು ಒಂದೇ ಸಾಲಿನಲ್ಲಿ. ಫೋನಿನ ತೆಳು ಎರಡು ಪಿನ್ ಚಾರ್ಜರ್ ಸಾಮಾನ್ಯವಾಗಿ ಹೊಂದುತ್ತದೆ, ನಮ್ಮ ಮೂರು ಪಿನ್ ಹೊಂದುವುದಿಲ್ಲ. ಅಡಾಪ್ಟರ್ ಇಲ್ಲಿಂದಲೇ ಒಯ್ಯಿ. ಜೊತೆಗೆ ಒಂದು ಸಣ್ಣ ಕೆಟಲ್. ಈ ಮಟ್ಟದ ಇಟಲಿ ಹೋಟೆಲ್‌ಗಳಲ್ಲಿ ರೂಮಿಗೆ ಕೆಟಲ್ ಇಡುವ ರೂಢಿ ಅಷ್ಟಾಗಿ ಇಲ್ಲ. ಅವರ ಪ್ರಕಾರ ಕಾಫಿ ಅಂದರೆ ಕೆಳಗಿಳಿದು ಬಾರ್‌ನಲ್ಲಿ (ಅಲ್ಲಿ ಕಾಫಿ ಅಂಗಡಿಗೂ ಬಾರ್ ಅಂತಲೇ ಹೆಸರು) ನಿಂತು ಕುಡಿಯುವಂಥದ್ದು. ನಲ್ಲಿ ನೀರು ಧೈರ್ಯವಾಗಿ ಕುಡಿಯಬಹುದು.

ತಿಂಡಿ ರೂಮಿನ ಬಾಡಿಗೆಯಲ್ಲೇ ಸೇರಿಸಿಕೋ ಅನ್ನುತ್ತೇನೆ, ಅದೂ ಅಮ್ಮ ಇರುವುದರಿಂದ. ನೀವಿಬ್ಬರೇ ಆಗಿದ್ದರೆ ಬೇಡ, ಮೂಲೆಯ ಬಾರಿನಲ್ಲಿ ಬ್ರಿಯೋಷ್ ಅನ್ನೋ ಒಂದು ಸಿಹಿ ಬನ್ನು, ಒಂದು ಕಪುಚಿನೊ ಕಾಫಿ ಸಾಕು, ನಿಂತು ಕುಡಿದರೆ ಅಗ್ಗ, ಟೇಬಲ್‌ನಲ್ಲಿ ಕೂತರೆ ಬಿಲ್ಲು ಬೇರೆ. ಹೋಟೆಲಿನ ತಿಂಡಿಯಲ್ಲಿ ಸಿಹಿಯೇ ಹೆಚ್ಚು. ಬನ್ನು, ಜಾಮು, ಕೇಕು, ಗರಿಗರಿ ಬ್ರೆಡ್ಡು, ಮೊಸರು, ಹಣ್ಣು, ಚೀಸು, ಹಂದಿ ಮಾಂಸದ ತೆಳು ಹೋಳುಗಳು ಪಕ್ಕದಲ್ಲೇ. ಬಿಸಿ ಅಂತ ಇರುವುದು ಮೊಟ್ಟೆ. ಚಟ್ನಿಪುಡಿ ಒಯ್ದರೆ ಬ್ರೆಡ್ಡಿಗೆ ಆಗುತ್ತದೆ. ಕಾಫಿ ಮಾತ್ರ, ಮಷೀನಿನದ್ದಾದರೂ, ಚೆನ್ನಾಗಿಯೇ ಇರುತ್ತದೆ.

ರಾತ್ರಿ ಊಟಕ್ಕೆ ಏಳೂವರೆಗೆ ಮುಂಚೆ ಅಲ್ಲಿನ ಅಡುಗೆಮನೆಗಳು ಸರಿಯಾಗಿ ತೆರೆಯುವುದಿಲ್ಲ. ಅಮ್ಮ ಆರೂವರೆಗೆ ಊಟ ಮಾಡುವವರು, ಅದಕ್ಕೆ ಸ್ಟೇಷನ್ ಒಳಗಿನ ಸೂಪರ್ ಮಾರ್ಕೆಟ್ ನೆನಪಿಟ್ಟುಕೋ. ಕೇಸರಿ ಹಾಕಿದ ಹಳದಿ ರಿಸೊತ್ತೊ ನೋಡಲು ನಮ್ಮ ಅನ್ನದ ಥರ ಇದೆ ಅಂತ ತರಿಸಬೇಡ, ಸಂಪ್ರದಾಯದ ಪ್ರಕಾರ ಅದಕ್ಕೆ ದನದ ಮೂಳೆಯ ಮಜ್ಜೆ ಹಾಕುತ್ತಾರೆ. ಪಾರ್ಮಿಜಾನೊ ಚೀಸ್‌ಗೂ ಹಾಲು ಒಡೆಸಲು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಬಳಸುತ್ತಾರೆ. ಇದನ್ನು ಅಮ್ಮನಿಗೆ ಹೇಳುವುದು ಬಿಡುವುದು ನಿನಗೆ ಬಿಟ್ಟದ್ದು. ಚೀಸೇ ಬೇಡ ಅಂದರೆ ಪಿಜ್ಜಾ ಮರಿನಾರಾ ಕೇಳು, ಟೊಮೆಟೊ, ಬೆಳ್ಳುಳ್ಳಿ, ಒರೆಗಾನೊ ಸೊಪ್ಪು, ಎಣ್ಣೆ ಅಷ್ಟೇ. ಬಿಲ್ಲಿನಲ್ಲಿ ತಲೆಗೆ ಇಷ್ಟು ಅಂತ ಕೊಪೆರ್ತೊ ಸೇರಿಸಿರುತ್ತಾರೆ, ಟೇಬಲ್ಲಿನ ಚಾರ್ಜು. ಮೇಲೆ ಟಿಪ್ಸ್ ಬೇಕಿಲ್ಲ.

ಡುವೋಮೋ ದೂರ ಆಗುತ್ತದೆ ಅಂತ ತಾನೇ ನಿನ್ನ ಚಿಂತೆ? ಚೆಂತ್ರಾಲೆಯಿಂದ ಮೆಟ್ರೊ ಹಳದಿ ಲೈನ್, ನಾಲ್ಕನೇ ನಿಲ್ದಾಣ. ಹಸಿರು ಲೈನ್ ಹಿಡಿದರೆ ಕಾಲುವೆಗಳ ನವಿಲ್ಯಿ ಕಡೆಗೂ ನೇರ, ಲಿಯೊನಾರ್ಡೊ ಡಾ ವಿಂಚಿಯ ಲಾಸ್ಟ್ ಸಪ್ಪರ್ ಚಿತ್ರ ನೋಡಲು ಕದೋರ್ನಾದಲ್ಲಿ ಇಳಿದು ನಡೆದರೆ ಆಯಿತು. ಲಾಸ್ಟ್ ಸಪ್ಪರ್ ಟಿಕೆಟ್ ಮಾತ್ರ ಹೋಟೆಲ್‌ಗಿಂತ ಮೊದಲು ಬುಕ್ ಮಾಡು, ಒಳಗೆ ಬಿಡುವುದು ಬರೀ 15 ನಿಮಿಷ, ಬೇಗ ಖಾಲಿಯಾಗುತ್ತದೆ. ಮೆಟ್ರೊ ಟಿಕೆಟ್ ನಾನು ಹೋಗಿದ್ದಾಗ 2.20 ಯೂರೋ ಇತ್ತು, 90 ನಿಮಿಷಕ್ಕೆ. ಗೇಟಿನಲ್ಲಿ ಕಾರ್ಡ್ ಮುಟ್ಟಿಸಿದರೆ ಸಾಕು, ಹೊರಗೆ ಬರುವಾಗಲೂ ಮುಟ್ಟಿಸಬೇಕು, ಒಬ್ಬೊಬ್ಬರಿಗೆ ಒಂದೊಂದು ಕಾರ್ಡ್. ಸರೋವರದ ದಡದ ಕೊಮೊ, ವರೆನ್ನಾ, ಹಾಗೇ ಬೆರ್ಗಮೊ, ಈ ಊರುಗಳಿಗೆಲ್ಲ ಟ್ರೇನ್ ಸಿಗುವುದು ಅದೇ ಚೆಂತ್ರಾಲೆಯಲ್ಲಿ. ತಿಂಡಿ ಮುಗಿಸಿ ಹೊರಟರೆ ಒಂದು ಗಂಟೆ ಆಸುಪಾಸಿನಲ್ಲಿ ಸರೋವರದ ಪಕ್ಕ ನಿಂತಿರುತ್ತೀರಿ. ಡುವೋಮೋ ಎದುರು ಉಳಿದವರು ಆ ಹೊತ್ತಿಗೆ ಇನ್ನೂ ಸ್ಟೇಷನ್‌ಗೆ ಬರುತ್ತಿರುತ್ತಾರೆ.

ಕೊನೇ ದಿನ ರೂಮು ಖಾಲಿ ಮಾಡಿ ಬ್ಯಾಗು ರಿಸೆಪ್ಷನ್‌ನಲ್ಲೇ ಬಿಡು, ಸಾಮಾನ್ಯವಾಗಿ ದುಡ್ಡು ಕೇಳುವುದಿಲ್ಲ, ಸ್ಟೇಷನ್ನಿನ ಲಗೇಜ್ ಕೌಂಟರ್‌ನಲ್ಲಿ ಕೇಳುತ್ತಾರೆ.

ತಾರೀಖು ಗಟ್ಟಿ ಮಾಡಿಕೊಂಡು ಎರಡು ಮೂರು ಹೋಟೆಲ್ ಲಿಂಕ್ ಕಳಿಸು, ಯಾವ ರಸ್ತೆ ಅಂತ ಮ್ಯಾಪ್ ನೋಡಿ ಹೇಳುತ್ತೇನೆ. ನನ್ನ ಅಡಾಪ್ಟರ್ ಇಲ್ಲೇ ಡ್ರಾಯರ್‌ನಲ್ಲಿದೆ, ಹೊಸದು ಕೊಳ್ಳಬೇಡ, ಬಂದು ತೆಗೆದುಕೊಂಡು ಹೋಗು. ಅಮ್ಮನಿಗೆ ನಮಸ್ಕಾರ ಹೇಳು.

ನಿನ್ನ,
ಮಂಜು