ನೈಟ್ರೋಜನ್ ಕ್ಯಾನಿನಲ್ಲಿ ಉಣ್ಣೆ ಜ್ವರದ ಲಸಿಕೆಯೂ ಬರಲಿ

ಮಾನ್ಯ ಸಂಪಾದಕರೆ,

ಹೋದ ಮಾಘದ ಚಳಿಯಲ್ಲಿ ನಮ್ಮ ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್ ಎಂಬ ವಿದೇಶಿ ತಳಿ) ಮಿಶ್ರತಳಿ ಹಸು ಮೇವು ಬಿಟ್ಟಿತು. ಜ್ವರ 105 ಡಿಗ್ರಿ. ನಮ್ಮ ಕಡೆ ಉಣ್ಣೆ ಹುಳ ಕಚ್ಚಿ ಬರುವ ಉಣ್ಣೆ ಜ್ವರ ಅಂದರೆ ಮಳೆಗಾಲದ್ದು, ಕೆಂಪು ಮೂತ್ರದ್ದು. ಇದು ಎರಡೂ ಅಲ್ಲ. ಹಾಗಾಗಿ ಮೂರು ದಿನ ಬರೀ ಜ್ವರದ ಇಂಜೆಕ್ಷನ್ ಕೊಡಿಸಿದೆವು. ನಾಲ್ಕನೇ ದಿನ ಭುಜದ ಮುಂದೆ ನಿಂಬೆಹಣ್ಣಿನಷ್ಟು ಗಂಟು ಎದ್ದಿತು. ಕಣ್ಣಿನ ರೆಪ್ಪೆ ಬಿಡಿಸಿದರೆ ಒಳಗೆಲ್ಲ ಬಿಳುಚಿಕೊಂಡಿತ್ತು. ಆಗ ಕಿವಿಯಿಂದ ರಕ್ತದ ಹನಿ ತೆಗೆದು ನೋಡಿದರು. ಥೈಲೇರಿಯಾ! ಅದೂ ಉಣ್ಣೆಯಿಂದ ಹರಡುವ, ರಕ್ತಕ್ಕೆ ಸೇರುವ ರೋಗಾಣುವಿನ ಜ್ವರವೇ. ಬುಪಾರ್ವಕ್ವೋನ್ ಎಂಬ ಔಷಧಿ ಕೊಟ್ಟ ಮೇಲೆ ಹಸು ಉಳಿಯಿತು. ಐದು ತಿಂಗಳ ಗಬ್ಬ ಇತ್ತು, ಕಂದು ಹಾಕಿತು.

ಕೆಂಪು ಮೂತ್ರ ಉಣ್ಣೆಯಿಂದಲೇ ಬರುವ ಬಬೇಸಿಯಾ ಎಂಬ ಇನ್ನೊಂದು ರೋಗದ ಗುರುತು. ಥೈಲೇರಿಯಾ ಹರಡುವ ಉಣ್ಣೆಯೇ ಬೇರೆ ಜಾತಿ. ಅದು ಕೊಟ್ಟಿಗೆ ಗೋಡೆಯ ಬಿರುಕಿನಲ್ಲಿ ಅಡಗಿ, ಅಲ್ಲೇ ಸಾವಿರಗಟ್ಟಲೆ ಮೊಟ್ಟೆ ಇಡುತ್ತದೆ. ದನದ ಮೈಗೆ ಮಾತ್ರ ಔಷಧಿ ಹೊಡೆದು ಏನು ಬಂತು? ಅದೇ ಔಷಧಿ ಹೊಡೆದೂ ಹೊಡೆದೂ ಉಣ್ಣೆಗಳಿಗೂ ಅಭ್ಯಾಸವಾಗಿಬಿಟ್ಟಿದೆ. ಅಪ್ಪನ ಕಾಲದ ಹಳ್ಳಿಕಾರ್ ದನಗಳು ಈ ಜ್ವರವನ್ನು ಹೆಚ್ಚು ಕಡಿಮೆ ತಡೆದುಕೊಳ್ಳುತ್ತಿದ್ದವು. ಎಚ್‌ಎಫ್, ಜೆರ್ಸಿಗೆ ಆ ತಾಕತ್ತಿಲ್ಲ. ಒಮ್ಮೆ ರೋಗ ಬಂದು ವಾಸಿಯಾದ ಹಸುವಿನ ರಕ್ತದಲ್ಲೂ ರೋಗಾಣು ಉಳಿದಿರುತ್ತದೆ. ಸಂತೆಯಲ್ಲಿ ಕೆಚ್ಚಲು ನೋಡಿ ಹಸು ಕೊಳ್ಳುವ ನಮಗೆ ಅದು ಹೇಗೆ ಕಾಣಬೇಕು?

ಇದಕ್ಕೆ ಲಸಿಕೆ ಇದೆ. ಮೂರು ತಿಂಗಳು ದಾಟಿದ ಮಿಶ್ರತಳಿ ಕರುಗಳಿಗೆ ಹಾಕಿಸಬಹುದು. ಆದರೆ ಅದು ಜೀವಂತ ಲಸಿಕೆ, ಅತಿ ತಣ್ಣಗಿನ ದ್ರವ ನೈಟ್ರೋಜನ್‌ನಲ್ಲೇ ಇಡಬೇಕು. ಕೇಳಿದರೆ 'ಹಳ್ಳಿಗೆ ತರೋದು ಕಷ್ಟ' ಅನ್ನುತ್ತಾರೆ. ಅಲ್ಲ ಸ್ವಾಮಿ, ಹಸು ಬೆದೆಗೆ ಬಂದಾಗ ಹಾಕುವ ವೀರ್ಯದ ಕಡ್ಡಿ ಊರೂರಿಗೆ ಬರುವುದು ಅದೇ ನೈಟ್ರೋಜನ್ ಕ್ಯಾನಿನಲ್ಲಿ ಅಲ್ವಾ? ಕರು ಹುಟ್ಟಿಸಲು ಬರುವ ಕ್ಯಾನು ಕರು ಉಳಿಸಲು ಯಾಕೆ ಬರಬಾರದು?

ಲಸಿಕೆಯೊಂದೇ ಸಾಲದು, ಒಪ್ಪುತ್ತೇನೆ. ಥೈಲೇರಿಯಾ ಓರಿಯೆಂಟಾಲಿಸ್ ಅನ್ನುವ ಇನ್ನೊಂದು ಬಗೆಯನ್ನು ಮೊದಲು ಅಷ್ಟೇನೂ ಅಪಾಯದ್ದಲ್ಲ ಎನ್ನುತ್ತಿದ್ದರು. ಈಗ ಕೇರಳದಲ್ಲೂ ನಮ್ಮಲ್ಲೂ ಅದರಿಂದ ಹಸುಗಳು ಮಲಗಿವೆ. ಈ ಲಸಿಕೆ ಅದಕ್ಕೆ ನಡೆಯುವುದಿಲ್ಲ. ಅದಕ್ಕೇ ಯಾವ ಕಾಲದಲ್ಲೇ ಜ್ವರ ಬರಲಿ, ಮೊದಲ ದಿನವೇ ರಕ್ತ ನೋಡುವ ವ್ಯವಸ್ಥೆ ಹತ್ತಿರದಲ್ಲಿ ಬೇಕು. ಒಂದು ಗಾಜಿನ ಪಟ್ಟಿ, ಒಂದಿಷ್ಟು ಬಣ್ಣ, ಒಂದು ಸೂಕ್ಷ್ಮದರ್ಶಕ ಸಾಕು.

ಲಸಿಕೆಯನ್ನು ಒಮ್ಮೆ ಕರಗಿಸಿದರೆ ಇಟ್ಟುಕೊಳ್ಳುವಂತಿಲ್ಲ. ಪಶುಪಾಲನಾ ಇಲಾಖೆಯೂ ಹಾಲು ಒಕ್ಕೂಟಗಳೂ ಸೇರಿ ಊರಿಗೊಂದು ದಿನ ಗೊತ್ತು ಮಾಡಲಿ. ಬೆಳಿಗ್ಗೆ ಹಾಲು ಹಾಕಲು ಬರುವಾಗಲೇ ಕರುಗಳನ್ನೂ ಡೇರಿ ಮುಂದೆ ಹಿಡಿದು ತರುತ್ತೇವೆ.

– ಒಬ್ಬ ಹಾಲು ಉತ್ಪಾದಕ, ಚನ್ನರಾಯಪಟ್ಟಣ ತಾಲ್ಲೂಕು